ಮಲ್ಲಿಗೆಗೆ ಕಡ್ಡಿ, ಮನೋರಂಜಿನಿಗೆ ಬೀಜ

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಮನೆಗೆ ಅಂಟಿಕೊಂಡೇ ಹುಳುಮನೆ ಇದೆ, ಆಚೆಗೆ ಹಿಪ್ಪುನೇರಳೆ ತೋಟ. ಹಿಂದೆ ದ್ರಾಕ್ಷಿ ಇದ್ದ ಕಾಲದ ಕಲ್ಲುಕಂಬಗಳು ಅಂಗಳದಲ್ಲಿ ಹಾಗೆಯೇ ನಿಂತಿವೆ. ಅವುಗಳ ಮೇಲೆ ಘಮಘಮಿಸುವ ಹೂಬಳ್ಳಿ ಹಬ್ಬಿಸಬೇಕು, ಅದೂ ಬೀಜದಿಂದಲೇ ಬೆಳೆಸಬೇಕು ಎಂಬ ಆಸೆ. ‘ಮಲ್ಲಿಗೆ ಬೀಜ’ ಎಂದು ಬರೆದಿದ್ದ ಪೊಟ್ಟಣ ತರಿಸಿ ಹಾಕಿದೆ, ಒಂದೂ ಮೊಳೆಯಲಿಲ್ಲ. ಯಾವ ಬಳ್ಳಿ ಹಾಕಲಿ? ಹೇಗೆ ಬೆಳೆಸಲಿ? ಪರಿಮಳದ ಬಳ್ಳಿ ಇದ್ದರೆ ಹಾವು ಬರುತ್ತದೆ ಎಂದು ಅತ್ತೆ ಬೇಡವೆನ್ನುತ್ತಾರೆ. ನಿಜವೇ?

ಉತ್ತರ: ಮೊದಲು ಆ ಪೊಟ್ಟಣದ ವಿಷಯ ಮುಗಿಸೋಣ. ಅದು ಮೊಳೆಯದೇ ಹೋದದ್ದರಲ್ಲಿ ನಿಮ್ಮ ತಪ್ಪಿಲ್ಲ, ನಿಮ್ಮ ಮಣ್ಣಿನ ತಪ್ಪೂ ಇಲ್ಲ. ನಾವು ಮುಡಿಯುವ ದುಂಡುಮಲ್ಲಿಗೆಯಲ್ಲಿ ಪೊಟ್ಟಣ ಕಟ್ಟಿ ಮಾರುವಷ್ಟು ಬೀಜ ಆಗುವುದೇ ಇಲ್ಲ. ಮೈಸೂರು ಮಲ್ಲಿಗೆ, ಉಡುಪಿಯ ಶಂಕರಪುರದ ಮಲ್ಲಿಗೆ, ಹಡಗಲಿ ಮಲ್ಲಿಗೆ ಎಂದು ಭೌಗೋಳಿಕ ಗುರುತು ಪಡೆದ ನಮ್ಮ ಹೆಸರಾಂತ ಮಲ್ಲಿಗೆಗಳೆಲ್ಲ ತಲೆಮಾರುಗಳಿಂದ ಕಡ್ಡಿಯಿಂದಲೋ ಬೇರುಬಿಟ್ಟ ಬಳ್ಳಿಯಿಂದಲೋ ಬೆಳೆದು ಬಂದವು. ಇಂಥ ಊರಿನ ಮಲ್ಲಿಗೆಗೆ ಇಂಥದೇ ಪರಿಮಳ ಎಂದು ನಾವು ಗುರುತಿಸುವುದು ಸಾಧ್ಯವಾಗಿರುವುದೂ ಅದರಿಂದಲೇ. ಕಡ್ಡಿಯಿಂದ ಬಂದ ಗಿಡ ತಾಯಿಗಿಡದ ತದ್ರೂಪ. ಬೀಜದಿಂದ ಬಂದದ್ದು ತಾಯಿಯನ್ನು ಹೋಲಬಹುದು, ಹೋಲದೆಯೂ ಇರಬಹುದು.

ಮಲ್ಲಿಗೆ ಏಕೆ ಬೀಜ ಕಟ್ಟುವುದಿಲ್ಲ ಎನ್ನುವುದು ತಿಳಿಯಬೇಕಾದ ಸಂಗತಿ. ಏಳುಸುತ್ತಿನ ಮಲ್ಲಿಗೆಯ ಒಂದು ಹೂವನ್ನು ಬಿಡಿಸಿ ನೋಡಿ. ಸುತ್ತು ಸುತ್ತಾಗಿ ದಳಗಳು ಸಿಗುತ್ತವೆ, ಪರಾಗದ ಕೇಸರಗಳನ್ನು ಹುಡುಕಬೇಕಾಗುತ್ತದೆ. ಇಂಥ ಹೂಗಳಲ್ಲಿ ಕೇಸರಗಳೂ ದಳಗಳಾಗಿ ಮಾರ್ಪಟ್ಟಿರುತ್ತವೆ. ಹೂವಿನ ಚೆಲುವು ಹೆಚ್ಚಿದಷ್ಟೂ ಅದರ ಬೀಜದ ದಾರಿ ಮುಚ್ಚಿತು. ಇನ್ನು ಕೆಲವು ತಳಿಗಳಲ್ಲಿ ವರ್ಣತಂತುಗಳು ಎರಡೆರಡು ಇರುವ ಬದಲು ಮೂರುಮೂರು ಇರುತ್ತವೆ. ಮೂರನ್ನು ಸಮವಾಗಿ ಹಂಚಲಾಗದೆ ಬೀಜ ನಿಲ್ಲುವುದಿಲ್ಲ. ನಾವು ತಿನ್ನುವ ಬಾಳೆಯಲ್ಲಿ ಬೀಜವಿಲ್ಲದಿರುವುದರ ಹಿಂದೆಯೂ ಇದೇ ಲೆಕ್ಕವಿದೆ.

ಮಲ್ಲಿಗೆ ಕುಲದ ಹಲವು ಜಾತಿಗಳಲ್ಲಿ ಇನ್ನೊಂದು ಏರ್ಪಾಡಿದೆ. ಕೆಲವು ಗಿಡಗಳ ಹೂವಿನಲ್ಲಿ ಶಲಾಕೆ ಉದ್ದ, ಕೇಸರ ಕೆಳಗೆ. ಬೇರೆ ಕೆಲವು ಗಿಡಗಳಲ್ಲಿ ಶಲಾಕೆ ಗಿಡ್ಡ, ಕೇಸರ ಮೇಲೆ. ಒಂದು ಬಗೆಯ ಹೂವಿಗೆ ಇನ್ನೊಂದು ಬಗೆಯ ಹೂವಿನ ಪರಾಗ ಬಂದರೆ ಮಾತ್ರ ಕಾಯಿ ಚೆನ್ನಾಗಿ ಕಟ್ಟುತ್ತದೆ. ಇಡೀ ಬೀದಿಯವರು ಒಂದೇ ಮನೆಯ ಬಳ್ಳಿಯಿಂದ ಕಡ್ಡಿ ತಂದು ನೆಟ್ಟಿದ್ದರೆ ಬೀದಿಯುದ್ದಕ್ಕೂ ಇರುವುದು ಒಂದೇ ಗಿಡ ಎಂದಂತಾಯಿತು. ಆಮೇಲೆ ಎಷ್ಟು ಪತಂಗ ಹಾರಾಡಿದರೂ ಕಾಯಿ ಆಗುವುದಿಲ್ಲ. ಕಾಡುಮಲ್ಲಿಗೆಗಳ ಕಥೆ ಬೇರೆ. ಕುರುಚಲು ಕಾಡಿನಲ್ಲಿ ತಾನಾಗಿ ಹುಟ್ಟಿದ ಬಳ್ಳಿಗಳು ಒಂದರಂತೆ ಒಂದಿರುವುದಿಲ್ಲ. ಹಾಗಾಗಿ ಅವುಗಳಲ್ಲಿ ಜೋಡಿಜೋಡಿಯಾಗಿ ಅಂಟಿಕೊಂಡ ಸಣ್ಣ ಕರಿಹಣ್ಣುಗಳು ಕಾಣಸಿಗುತ್ತವೆ. ನಿಮಗೆ ಬೀಜದ ಮಲ್ಲಿಗೆಯೇ ಬೇಕೆಂದಿದ್ದರೆ ಅದೊಂದೇ ದಾರಿ: ಹಣ್ಣು ಮಾಗಿದಾಗ ಕಿತ್ತು, ತಿರುಳು ತೊಳೆದು, ಒಣಗಲು ಬಿಡದೆ ಆಗಲೇ ಬಿತ್ತಬೇಕು. ಬಳ್ಳಿಯನ್ನು ಮಾತ್ರ ಬುಡಸಮೇತ ಕಿತ್ತು ತರಬೇಡಿ.

ಪೊಟ್ಟಣದಲ್ಲಿ ಒಂದೆರಡು ಬೀಜ ಉಳಿದಿದ್ದರೆ ಅಂಗೈಯಲ್ಲಿಟ್ಟು ನೋಡಿ. ಕಾಳುಮೆಣಸಿನ ಗಾತ್ರ, ಕಪ್ಪು ಬಣ್ಣ, ಮೈಯೆಲ್ಲ ಸುಕ್ಕು ಇದ್ದರೆ ಅದು ಸಂಜೆಮಲ್ಲಿಗೆಯದು. ಸಂಜೆ ಅರಳಿ ಒಳ್ಳೆಯ ಪರಿಮಳ ಕೊಡುವ ಹೂವೇ ಅದು, ಬೀಜದಿಂದ ಸಲೀಸಾಗಿ ಬರುತ್ತದೆ ಕೂಡ. ಆದರೆ ಪೊದೆಯಾಗಿ ಬೆಳೆಯುತ್ತದೆ, ಚಪ್ಪರಕ್ಕೆ ಹತ್ತುವುದಿಲ್ಲ. ಕಂಬದ ಬುಡದಲ್ಲಿ ಹಾಕಿ, ಅಲ್ಲಿಗೆ ಸರಿಹೋಗುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ಬೀಜದಿಂದ ಬೆಳೆಯಬೇಕು, ಹಬ್ಬಬೇಕು, ಘಮಘಮಿಸಬೇಕು. ಈ ಮೂರೂ ಕೂಡಿ ಬರುವ ಬಳ್ಳಿಗಳು ಕಡಿಮೆ. ಬೀಜದಿಂದ ಬೇಗ ಬರುವ ಶಂಖಪುಷ್ಪಕ್ಕೂ ಕಾಮಲತೆಗೂ ಪರಿಮಳವಿಲ್ಲ. ಸಂಜೆ ಬಿಳಿಯಾಗಿ ಅರಳಿ ಮರುದಿನದಿಂದ ಗುಲಾಬಿ, ಆಮೇಲೆ ಕೆಂಪಾಗುವ ರಂಗೂನ್ ಮಲ್ಲೆಗೆ ಪರಿಮಳವಿದೆ, ಆದರೆ ಮನೆಯಂಗಳದಲ್ಲಿ ಅದು ಕಾಯಿ ಕಟ್ಟುವುದು ಅಪರೂಪ. ಅದನ್ನು ಬೇರಿನ ಮರಿಯಿಂದಲೇ ತರಬೇಕು. ಥನ್ಬರ್ಜಿಯಾ ಫ್ರಾಗ್ರನ್ಸ್ ಎಂಬ ನಮ್ಮದೇ ನೆಲದ ಬಿಳಿಹೂವಿನ ಬಳ್ಳಿಯ ವೈಜ್ಞಾನಿಕ ಹೆಸರಿನಲ್ಲೇ ಪರಿಮಳವಿದೆ. ಮೂಗಿಗೆ ಹಿಡಿದರೆ ಏನೂ ಸಿಗುವುದಿಲ್ಲ. ಇವನ್ನೆಲ್ಲ ಬದಿಗಿಟ್ಟರೆ ನಾಲ್ಕು ಉಳಿಯುತ್ತವೆ. ಮೂನ್‌ಫ್ಲವರ್ ಮತ್ತು ಸ್ವೀಟ್ ಪೀ ಬಿತ್ತಿದ ವರ್ಷವೇ ಹೂ ಕೊಡುತ್ತವೆ. ಮನೋರಂಜಿನಿ ಮತ್ತು ಮಾಧವೀಲತೆಗೆ ವರ್ಷಗಟ್ಟಲೆ ಕಾಯಬೇಕು, ಬಂದಮೇಲೆ ಮಕ್ಕಳ ಕಾಲಕ್ಕೂ ಉಳಿಯುತ್ತವೆ.

ಮೊದಲ ವರ್ಷ ನೀವು ಮೂನ್‌ಫ್ಲವರ್ ಹಾಕಿ. ಬೀಜದಂಗಡಿಗಳಲ್ಲಿ ಆ ಹೆಸರಿನಲ್ಲೇ ಸಿಗುತ್ತದೆ, ವೈಜ್ಞಾನಿಕ ಹೆಸರು ಐಪೋಮಿಯ ಆಲ್ಬಾ. ಗೆಣಸಿನ ಕುಲಕ್ಕೆ ಸೇರಿದ ಬಳ್ಳಿ. ಹೃದಯದ ಆಕಾರದ ದೊಡ್ಡ ಎಲೆ, ಅಂಗೈ ಅಗಲದ ಅಚ್ಚ ಬಿಳಿ ಹೂ. ಹೊತ್ತು ಮುಳುಗುವಾಗ ತಿರುಚಿಕೊಂಡಿರುವ ಉದ್ದ ಮೊಗ್ಗಿನ ಮುಂದೆ ಕುಳಿತರೆ ಅದು ಬಿಚ್ಚಿಕೊಳ್ಳುವುದನ್ನು ಕಣ್ಣಾರೆ ನೋಡಬಹುದು. ಹೂವಿನ ಕೊಳವೆ ಉದ್ದವಾಗಿರುವುದು ಉದ್ದ ನಾಲಗೆಯ ದೊಡ್ಡ ಪತಂಗಗಳಿಗಾಗಿ. ಅವು ಕತ್ತಲಲ್ಲಿ ದಾರಿ ಹಿಡಿದು ಬರಲಿ ಎಂದೇ ಬಿಳಿ ಬಣ್ಣ, ಅದಕ್ಕೇ ಇರುಳಿನ ಪರಿಮಳ. ಬೆಳಗಿನ ಬಿಸಿಲು ತಾಕಿದರೆ ಹೂ ಬಾಡುತ್ತದೆ. ಆದ್ದರಿಂದ ಇದು ಸಂಜೆ ಕೆಲಸ ಮುಗಿಸಿ ಅಂಗಳದಲ್ಲಿ ಕೂರುವವರ ಹೂ.

ಕೊಳ್ಳುವಾಗ ಒಂದು ಎಚ್ಚರ ಬೇಕು. ದತ್ತೂರಿಯ ಒಂದು ಜಾತಿಯನ್ನೂ ಕೆಲವರು ಮೂನ್‌ಫ್ಲವರ್ ಎಂದೇ ಮಾರುತ್ತಾರೆ. ದತ್ತೂರಿ ಬೀಜ ಸಣ್ಣದು, ಚಪ್ಪಟೆ. ನಿಮಗೆ ಬೇಕಾದದ್ದು ಸುಮಾರು ಒಂದು ಸೆಂಟಿಮೀಟರ್ ಉದ್ದದ, ನುಣುಪಾದ, ಕೆನೆ ಬಣ್ಣದಿಂದ ಕಂದು ಬಣ್ಣದವರೆಗಿನ ಗಟ್ಟಿ ಬೀಜ. ಎರಡನ್ನೂ ಮಕ್ಕಳ ಕೈಗೆ ಸಿಗದಂತೆ ಇಡಿ, ಯಾವುದೂ ತಿನ್ನುವಂಥದ್ದಲ್ಲ.

ಬೀಜದ ಸಿಪ್ಪೆ ಎಷ್ಟು ಗಟ್ಟಿ ಎಂದರೆ ನೀರು ಒಳಗೆ ಇಳಿಯುವುದಿಲ್ಲ. ಹಾಗೆಯೇ ಬಿತ್ತಿದರೆ ಒಂದು ಈ ವಾರ, ಇನ್ನೊಂದು ಮುಂದಿನ ತಿಂಗಳು ಎಂದು ಮೊಳೆಯುತ್ತವೆ. ಬೀಜದಲ್ಲಿ ಕಾಯಿಗೆ ಅಂಟಿಕೊಂಡಿದ್ದ ಕಲೆ ಕಾಣುತ್ತದಲ್ಲ, ಅದರ ಎದುರು ಬದಿಯನ್ನು ಮರಳು ಕಾಗದಕ್ಕೆ ಉಜ್ಜಿ, ಒಳಗಿನ ಬಿಳುಪು ಕಾಣುವಷ್ಟು ಮಾತ್ರ. ರಾತ್ರಿಯಿಡೀ ನೀರಿನಲ್ಲಿ ನೆನೆಯಲಿ. ಬೆಳಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಮತ್ತೆ ಸ್ವಲ್ಪ ಉಜ್ಜಿ ನೆನೆಸಿಡಿ. ಇದನ್ನು ಮಾಡಿದರೆ ಒಂದು ವಾರ ಹತ್ತು ದಿನದಲ್ಲಿ ಮೊಳಕೆ ಮೇಲೆ ಬರುತ್ತದೆ.

ಬಿತ್ತನೆಗೆ ಮೃಗಶಿರಾ ಮಳೆಯ ಹೊತ್ತು ಒಳ್ಳೆಯದು. ಈ ಬಳ್ಳಿ ಹಗಲು ಗಿಡ್ಡವಾಗುತ್ತ ಬಂದಹಾಗೆ ಹೂ ಕೊಡುವ ಜಾತಿಯದು. ಜೂನ್‌ನಲ್ಲಿ ಹಾಕಿದರೆ ಮಳೆಗಾಲದಲ್ಲಿ ಮೈತುಂಬಿಕೊಂಡು, ಗಣೇಶನ ಹಬ್ಬ ಕಳೆದು ದಸರಾ ಬರುವ ಹೊತ್ತಿಗೆ ಹೂವಿಗೆ ನಿಲ್ಲುತ್ತದೆ. ಗೊಬ್ಬರ ಜಾಸ್ತಿ ಹಾಕಬೇಡಿ. ಯೂರಿಯಾ ಅಂತೂ ಬೇಡವೇ ಬೇಡ, ಚಪ್ಪರದ ತುಂಬ ಎಲೆಯೇ ಆಗಿ ಮೊಗ್ಗು ಕಾಣುವುದಿಲ್ಲ. ಹುಳುಮನೆಯಿಂದ ತೆಗೆದ ಕಸ, ಹಿಕ್ಕೆಗಳಿಂದ ಮಾಡಿದ ಗೊಬ್ಬರ ನಿಮ್ಮಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಸಾರಜನಕ ಹೆಚ್ಚಿರುವುದರಿಂದ ಪಾತಿಗೆ ಒಂದು ಬೊಗಸೆ ಸಾಕು.

ಕಾಯಿ ಒಣಗಿದ ಕೂಡಲೇ ಬಿಡಿಸಿಕೊಳ್ಳಿ, ನೆಲಕ್ಕೆ ಉದುರಲು ಬಿಡಬೇಡಿ. ಇದೇ ಕುಲದ ಇನ್ನೊಂದು ಗಿಡ, ತಿಳಿನೇರಳೆ ಹೂವಿನ ಐಪೋಮಿಯ, ನಮ್ಮ ಬಯಲುಸೀಮೆಯ ಎಷ್ಟು ಕೆರೆಗಳ ಅಂಗಳವನ್ನು ನುಂಗಿಹಾಕಿದೆ ಎಂದು ನೀವೇ ನೋಡಿದ್ದೀರಿ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಬಂದು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳು ಮತ್ತೆ ತುಂಬಿರುವ ಈ ಕಾಲದಲ್ಲಿ ಹೊಸದೊಂದು ಬಳ್ಳಿ ಕಾಲುವೆಗೆ ಇಳಿಯುವುದು ಬೇಡ. ಅಂಗಳದ ಬಳ್ಳಿ ಅಂಗಳದಲ್ಲೇ ಇರಲಿ.

ಚಳಿಗಾಲಕ್ಕೆ ಸ್ವೀಟ್ ಪೀ. ಬಟಾಣಿಯ ದೂರದ ನೆಂಟ, ಊರು ಇಟಲಿಯ ಸಿಸಿಲಿ ದ್ವೀಪ. ಕುಪಾನಿ ಎಂಬ ಪಾದ್ರಿ 1699ರಲ್ಲಿ ಅಲ್ಲಿಂದ ಇಂಗ್ಲೆಂಡಿಗೆ ಬೀಜ ಕಳಿಸಿದ ಮೇಲೆ ಜಗತ್ತಿನ ತೋಟಗಳಿಗೆ ಹರಡಿತು. ಚಳಿ ಇದ್ದರಷ್ಟೇ ಬದುಕುವ ಬಳ್ಳಿ. ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿರುವ ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಡಿಸೆಂಬರ್–ಜನವರಿಯ ಬೆಳಗು ಅದಕ್ಕೆ ಸಾಕಷ್ಟು ತಣ್ಣಗಿರುತ್ತದೆ. ನಂದಿಬೆಟ್ಟದ ತಪ್ಪಲಿನವರಿಗೆ ಇನ್ನೂ ಅನುಕೂಲ. ಗೌರಿಬಿದನೂರು ಕಡೆಯ ತಗ್ಗಿನ ಊರುಗಳಲ್ಲಿ ಬಿಸಿಲು ಬೇಗ ಏರುವುದರಿಂದ ಒಂದಿಷ್ಟೂ ತಡಮಾಡಬಾರದು. ಚಿತ್ತಾ ಮಳೆ ನಿಂತು ಮಣ್ಣು ಹದವಾಗುತ್ತಲೇ, ಅಂದರೆ ಅಕ್ಟೋಬರ್‌ನಲ್ಲಿ, ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಬೀಜ ಊರಬೇಕು. ಸಸಿ ಮೂರು ನಾಲ್ಕು ಜೊತೆ ಎಲೆ ಬಿಟ್ಟಾಗ ತುದಿ ಚಿವುಟಿದರೆ ಬುಡದಿಂದ ಹೆಚ್ಚು ಕವಲು ಬರುತ್ತವೆ. ಜನವರಿ, ಫೆಬ್ರವರಿ ಹೂವಿನ ಕಾಲ. ಮಾರ್ಚ್ ಬಿಸಿಲಿಗೆ ಮುಗಿಯಿತು.

ಇದರ ಗುಟ್ಟು ಒಂದೇ: ಅರಳಿದ ಹೂವನ್ನು ಗಿಡದಲ್ಲಿ ಉಳಿಸಬಾರದು. ದಿನವೂ ಕಿತ್ತು ಒಳಗೆ ಲೋಟದ ನೀರಿನಲ್ಲಿಡಿ. ಕಾಯಿ ಕಟ್ಟಲು ಬಿಟ್ಟರೆ ಬಳ್ಳಿ ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ಕಾಯಿ ನೋಡಲು ಬಟಾಣಿಯಂತೆಯೇ ಇರುತ್ತದೆ, ಬೀಜ ಮಾತ್ರ ವಿಷ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಬಿಟ್ಟುಬಿಡಿ. ಕೊಳ್ಳುವಾಗ ಪರಿಮಳವಿರುವ ತಳಿ ಎಂದು ಪೊಟ್ಟಣದ ಮೇಲೆ ಬರೆದಿದೆಯೇ ನೋಡಿ, ದೊಡ್ಡ ಹೂವಿಗಾಗಿ ತಳಿ ಮಾಡಿದ ಎಷ್ಟೋ ಸ್ವೀಟ್ ಪೀಗಳಲ್ಲಿ ಪರಿಮಳ ತೆಳುವಾಗಿದೆ. ಕುಡಿಬಳ್ಳಿಗಳು ಬಲು ಸಣ್ಣವು, ಕಲ್ಲುಕಂಬವನ್ನು ಹಿಡಿಯಲಾರವು. ಅವಕ್ಕೆ ದಾರ ಅಥವಾ ಬಲೆ ಬೇಕು.

ನನ್ನ ಮನಸ್ಸು ಇರುವುದು ಮನೋರಂಜಿನಿಯ ಮೇಲೆ. ಹಸಿರು ಸಂಪಿಗೆ ಎಂದೂ ಕರೆಯುತ್ತಾರೆ, ಆದರೆ ಸಂಪಿಗೆಗೂ ಇದಕ್ಕೂ ಸಂಬಂಧವಿಲ್ಲ, ಇದು ಸೀತಾಫಲದ ಕುಟುಂಬದ್ದು. ಹೂ ಎಲೆಯ ಬಣ್ಣದ್ದೇ ಆಗಿರುವುದರಿಂದ ಬಳ್ಳಿಯಲ್ಲಿ ಹೂವಿದೆಯೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ದಪ್ಪ ದಳಗಳು ಹಸಿರಿನಿಂದ ಹಳದಿಗೆ ತಿರುಗುವಾಗ ಮಾಗಿದ ಹಣ್ಣುಗಳ ಪರಿಮಳ ಅಂಗಳವನ್ನು ತುಂಬುತ್ತದೆ. ಒಬ್ಬರು ಹಲಸು ಎನ್ನುತ್ತಾರೆ, ಇನ್ನೊಬ್ಬರು ಬಾಳೆಹಣ್ಣು ಎನ್ನುತ್ತಾರೆ. ಬಟ್ಟೆಯ ಪೆಟ್ಟಿಗೆಯಲ್ಲಿ ಎರಡು ಹೂ ಇಟ್ಟರೆ ಹೂ ಒಣಗಿದ ಮೇಲೂ ಸೀರೆಯಲ್ಲಿ ವಾಸನೆ ಇರುತ್ತದೆ. ಹಳೆಯ ಮನೆಗಳ ಹಿತ್ತಲು, ದೇವಸ್ಥಾನದ ಹೂದೋಟಗಳಲ್ಲಿ ಇದು ಇರುತ್ತಿತ್ತು. ಮನೆ ಒಡೆದು ಕಟ್ಟುವಾಗ ಮೊದಲು ಹೋಗುವುದು ಹಿತ್ತಲ ಮೂಲೆಯ ಇಂಥ ಬಳ್ಳಿ. ಅಂಥದ್ದನ್ನು ಬೀಜದಿಂದ ಮತ್ತೆ ಬೆಳೆಸುವವರು ಬೇಕು.

ಇದು ಹತ್ತುವ ಬಗೆಯೂ ವಿಶೇಷವಾದದ್ದು. ಸುತ್ತಿಕೊಳ್ಳುವುದಿಲ್ಲ, ಕುಡಿಬಳ್ಳಿ ಚಾಚುವುದಿಲ್ಲ. ಹೂವಿನ ತೊಟ್ಟೇ ಬಾಗಿ ಗಟ್ಟಿಯಾದ ಕೊಕ್ಕೆಯಾಗಿ, ಸಿಕ್ಕ ಆಸರೆಗೆ ತಗುಲಿಕೊಳ್ಳುತ್ತದೆ. ಹೂ ಉದುರಿದ ಮೇಲೂ ಕೊಕ್ಕೆ ಉಳಿಯುತ್ತದೆ. ಮೊದಲ ವರ್ಷಗಳಲ್ಲಿ ಕೊಕ್ಕೆ ಇಲ್ಲದಿರುವುದರಿಂದ ಪೊದೆಯ ಹಾಗೆ ನಿಂತಿರುತ್ತದೆ, ನೀವೇ ಕಂಬಕ್ಕೆ ಕಟ್ಟಿ ದಾರಿ ತೋರಿಸಬೇಕು. ನಿಮ್ಮ ದ್ರಾಕ್ಷಿ ಕಂಬಗಳು ಅದಕ್ಕೆ ಹೇಳಿ ಮಾಡಿಸಿದಂತಿವೆ.

ಕಾಯಿಗಳು ಗೊಂಚಲಾಗಿ ಬರುತ್ತವೆ, ಮಾಗಿದಾಗ ಹಳದಿ. ಒಂದೊಂದರಲ್ಲೂ ಸಾಮಾನ್ಯವಾಗಿ ಎರಡು ಬೀಜ. ತಿರುಳು ತೊಳೆದು ತಾಜಾ ಇರುವಾಗಲೇ ಬಿತ್ತಿ. ಇಲ್ಲಿ ಬಹಳ ಜನ ಸೋಲುವುದು ತಾಳ್ಮೆ ಇಲ್ಲದೆ. ಸೀತಾಫಲದ ಕುಟುಂಬದ ಬೀಜಗಳಲ್ಲಿ ಭ್ರೂಣ ತೀರಾ ಚಿಕ್ಕದು. ಬೀಜ ನೆಲಕ್ಕೆ ಬಿದ್ದ ಮೇಲೆ ಅದು ಒಳಗೇ ಬೆಳೆದು ಆಮೇಲೆ ಹೊರಗೆ ಬರಬೇಕು. ಒಂದು ತಿಂಗಳಲ್ಲಿ ಏನೂ ಕಾಣಲಿಲ್ಲವೆಂದು ಮಣ್ಣು ಕೆದಕಿದರೆ ಆಗ ತಾನೇ ಒಡೆಯುತ್ತಿದ್ದ ಬೇರು ಮುರಿಯುತ್ತದೆ. ನೆರಳಿನಲ್ಲಿ, ತೇವ ಆರದಂತೆ, ಹೆಸರು ಮತ್ತು ತಾರೀಖು ಬರೆದು ಕುಂಡವನ್ನು ಇಟ್ಟುಬಿಡಿ. ಎರಡು ಮೂರು ತಿಂಗಳಾದರೂ ಎಸೆಯಬೇಡಿ. ಹೂವಿಗೆ ಅದಾದ ಮೇಲೂ ಕೆಲವು ವರ್ಷ ಕಾಯಬೇಕು. ಅಷ್ಟು ಕಾಯಲಾಗದು ಎಂದರೆ ಬಲಿತ ಬಳ್ಳಿಗೆ ಗೂಟಿ ಕಟ್ಟಿಸಿ ತರಬಹುದು. ಎರಡನ್ನೂ ಮಾಡುವುದು ಜಾಣತನ: ಗೂಟಿಯ ಗಿಡ ಹೂ ಕೊಡುತ್ತಿರಲಿ, ಬೀಜದ ಗಿಡ ತನ್ನ ಪಾಡಿಗೆ ಬೆಳೆಯಲಿ.

ಮಾಧವೀಲತೆ ಇದಕ್ಕಿಂತ ದೊಡ್ಡ ಬಳ್ಳಿ, ಕಾಲ ಕಳೆದಂತೆ ಕಾಂಡ ಮರದಂತೆ ದಪ್ಪವಾಗುತ್ತದೆ. ಚಳಿ ಇಳಿಯುವ ಹೊತ್ತಿಗೆ ಅಂಚು ಹರಿದಂತಿರುವ ಬಿಳಿ ಹೂಗಳು ಗೊಂಚಲುಗೊಂಚಲಾಗಿ ಬರುತ್ತವೆ, ಒಂದು ದಳದಲ್ಲಿ ಹಳದಿ. ಬೇಸಿಗೆಯಲ್ಲಿ ಮೂರು ರೆಕ್ಕೆಯ ಬೀಜಗಳು ಗಾಳಿಯಲ್ಲಿ ತಿರುಗುತ್ತ ಇಳಿಯುತ್ತವೆ. ಆಗಲೇ ಆರಿಸಿ ಮುಂಗಾರಿಗೆ ಮುಂಚೆ ಬಿತ್ತಿದರೆ ಮೊಳೆಯುತ್ತವೆ. ನಮ್ಮ ದೇಶದ್ದೇ ಬಳ್ಳಿಯಾದ್ದರಿಂದ ಇಲ್ಲಿ ಚಿಂತೆಯಿಲ್ಲ. ಮಾರಿಷಸ್, ರಿಯೂನಿಯನ್ ದ್ವೀಪಗಳಿಗೆ ಒಯ್ದು ನೆಟ್ಟಾಗ ಇದು ಅಲ್ಲಿನ ಕಾಡನ್ನು ಮುಚ್ಚಿ, ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಗೂ ಸೇರಿತು. ನಿಮ್ಮ ಅಂಗಳಕ್ಕೆ ಇದು ಭಾರವಾದೀತು. ಹೊಲದ ಬದುವಿನಲ್ಲಿ ಹಳೆಯ ಮಾವೋ ಹೊಂಗೆಯೋ ಇದ್ದರೆ ಅದರ ಬುಡದಿಂದ ಸ್ವಲ್ಪ ದೂರ ಹಾಕಿ.

ಮಣ್ಣಿನ ಬಗ್ಗೆ ಎರಡು ಮಾತು. ನಿಮ್ಮ ಕೆಮ್ಮಣ್ಣು ಜೋರು ಮಳೆಗೆ ಮೇಲೆ ಹೊಪ್ಪಳೆ ಕಟ್ಟಿ ಗಟ್ಟಿಯಾಗುತ್ತದೆ, ಮೊಳಕೆ ತಲೆಯೆತ್ತಲಾರದೆ ಒಳಗೇ ಸುರುಟಿಕೊಳ್ಳುತ್ತದೆ. ನೆಲಕ್ಕೆ ನೇರವಾಗಿ ಬಿತ್ತುವ ಬದಲು ಟೊಮೆಟೊ ಸಸಿಗೆ ಬಳಸುವ ಪ್ರೋಟ್ರೇ, ಕೊಕೊಪೀಟ್‌ನಲ್ಲಿ ಬಿತ್ತಿ, ಅವು ನಿಮ್ಮ ಕಡೆಯ ಯಾವ ನರ್ಸರಿಯಲ್ಲಾದರೂ ಸಿಗುತ್ತವೆ. ದೊಡ್ಡ ಬೀಜಗಳಿಗೆ ಹಾಲಿನ ಪ್ಯಾಕೆಟ್ ತೂತು ಮಾಡಿಕೊಂಡರೂ ಆದೀತು. ಮೇಲೆ ಎರಡೆಳೆ ರಾಗಿ ಹುಲ್ಲು ಹೊದಿಸಿ. ಬೋರ್‌ವೆಲ್ ನೀರು ಸಾವಿರ ಅಡಿಗೂ ಆಳದಿಂದ ಬರುವಲ್ಲಿ ಉಪ್ಪಿನ ಅಂಶ ಹೆಚ್ಚು, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಾಣಿಸುತ್ತದೆ. ಎಳೆಯ ಸಸಿಗೆ ಮಳೆನೀರು ಹಿಡಿದಿಟ್ಟು ಹಾಕಿ. ಪಾತಿಗೆ ಕೆರೆಗೋಡು ಬೆರೆಸಿದರೆ ತೇವ ನಿಲ್ಲುತ್ತದೆ.

ಹುಳುಮನೆಯಲ್ಲಿ ಮೂಲೆಗೆ ಹಾಕಿದ ಹಳೆಯ ಬಿದಿರಿನ ಚಂದ್ರಿಕೆಗಳಿದ್ದರೆ ಸೌದೆಗೆ ಹಾಕಬೇಡಿ. ಹಣ್ಣಾದ ಹುಳು ಗೂಡು ಕಟ್ಟಲೆಂದು ಹೆಣೆದ ಆ ಸುರುಳಿಪಟ್ಟಿಗಳು ಮೂನ್‌ಫ್ಲವರ್‌ನ ಎಳೆಯ ಬಳ್ಳಿ ಹತ್ತಲು, ಸ್ವೀಟ್ ಪೀಯ ಕುಡಿ ಹಿಡಿಯಲು ಸರಿಯಾಗಿವೆ. ಎರಡು ಕಂಬಗಳ ನಡುವೆ ಒಂದನ್ನು ನಿಲ್ಲಿಸಿ ಕಟ್ಟಿದರೆ ಸಾಕು. ಹುಳುವಿನ ರೋಗ ಅದರಲ್ಲಿ ಉಳಿದಿರಬಹುದಾದ್ದರಿಂದ ಸೋಂಕು ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಹುಳುಮನೆಯಿಂದ ದೂರದ ಕಂಬಕ್ಕೆ ಕಟ್ಟಿ. ಒಮ್ಮೆ ಹೊರಗೆ ಬಂದದ್ದು ಮತ್ತೆ ಒಳಗೆ ಹೋಗಬಾರದು.

ಇಲ್ಲಿಂದ ಮುಂದಿನದನ್ನು ದಯವಿಟ್ಟು ಎರಡು ಸಲ ಓದಿ. ಹೂವಿನ ಗಿಡಕ್ಕೆ ಔಷಧಿ ಹೊಡೆಯುವ ವಿಷಯದಲ್ಲಿ ಬೇರೆಯವರಿಗೆ ಹೇಳುವ ಸಲಹೆ ನಿಮಗೆ ಹೊಂದುವುದಿಲ್ಲ. ಅಂಗಳದ ಬಳ್ಳಿಗೆ ಹೊಡೆದದ್ದು ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಇಡೀ ಬೆಳೆ ಹೋಗುತ್ತದೆ. ರಾಸಾಯನಿಕ ಕೀಟನಾಶಕ ಬೇಡವೆನ್ನುವುದು ನಿಮಗೆ ಗೊತ್ತಿರುತ್ತದೆ. ‘ಸಾವಯವ, ಏನೂ ಆಗುವುದಿಲ್ಲ’ ಎಂದು ಕೊಡುವವುಗಳಲ್ಲೇ ನಿಮಗೆ ಹೆಚ್ಚಿನ ಅಪಾಯವಿದೆ. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ರೇಷ್ಮೆಹುಳುವಿಗೆ ಕಡುವಿಷ. ಮೊಗ್ಗು ಕೊರೆಯುವ ಹುಳಕ್ಕೆಂದು ಮಾರುವ ಬಿ.ಟಿ. ದ್ರಾವಣದ ಬ್ಯಾಕ್ಟೀರಿಯಾವನ್ನು ಜಪಾನಿನ ಇಶಿವಾಟ 1901ರಲ್ಲಿ ಮೊದಲು ಬೇರ್ಪಡಿಸಿದ್ದೇ ಸತ್ತ ರೇಷ್ಮೆಹುಳುಗಳಿಂದ. ಇನ್ನು ಬವೇರಿಯಾ ಎಂಬ ಶಿಲೀಂಧ್ರದ ಪುಡಿ. ನಿಮ್ಮ ಕಡೆ ಸುಣ್ಣಕಟ್ಟು ರೋಗ ಎನ್ನುತ್ತೀರಲ್ಲ, ಹುಳು ಸತ್ತು ಬಿಳಿಯಾಗಿ ಸೆಟೆದುಕೊಳ್ಳುವುದು, ಅದನ್ನು ತರುವ ಶಿಲೀಂಧ್ರವೇ ಇದು. ಹೂವಿಗೆ ಒಳ್ಳೆಯದೆಂದು ಹುಳುಮನೆಯ ಬಾಗಿಲಿಗೆ ರೋಗವನ್ನು ದುಡ್ಡು ಕೊಟ್ಟು ತಂದಂತಾಗುತ್ತದೆ. ಬೇವಿನೆಣ್ಣೆಯೂ ಸೊಪ್ಪಿಗೆ ತಾಗಿದರೆ ಹುಳು ಮೇಯುವುದಿಲ್ಲ.

ಹಾಗಾದರೆ ಕೀಟ ಬಂದರೆ? ನಾಲ್ಕು ಬಳ್ಳಿಯ ಅಂಗಳದಲ್ಲಿ ಕೈ ಸಾಕು. ಕೊರೆದ ಮೊಗ್ಗನ್ನು ಕಿತ್ತು ಬಿಸಿನೀರಿಗೆ ಹಾಕಿ. ಹಿಟ್ಟು ತಿಗಣೆ ಕಂಡರೆ ಆ ಕುಡಿಯನ್ನೇ ಕತ್ತರಿಸಿ ಸುಡಿ, ಉಳಿದದ್ದನ್ನು ಪೈಪಿನ ನೀರಿನ ರಭಸಕ್ಕೆ ತೊಳೆಯಿರಿ. ಹಿಟ್ಟು ತಿಗಣೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿಪ್ಪುನೇರಳೆಯ ಕುಡಿ ಮುದುಡುವ ಟುಕ್ರ ರೋಗಕ್ಕೆ ಕಾರಣವಾದ ತಿಗಣೆ ದ್ರಾಕ್ಷಿಯಲ್ಲೂ ದಾಸವಾಳದಲ್ಲೂ ಇನ್ನೆಷ್ಟೋ ಹೂಗಿಡಗಳಲ್ಲೂ ಬದುಕುತ್ತದೆ, ಅಂಗಳದಿಂದ ತೋಟಕ್ಕೆ ದಾಟುತ್ತದೆ. ಬಳ್ಳಿಯನ್ನು ಹುಳುಮನೆಯ ಗೋಡೆಗೆ ಹಬ್ಬಿಸಬೇಡಿ. ಕಿಟಕಿಗೆ ಗಾಳಿ ನಿಲ್ಲುತ್ತದೆ, ಊಜಿ ನೊಣ ತಡೆಯಲು ಕಟ್ಟಿದ ಬಲೆಯನ್ನು ಬಳ್ಳಿ ಹರಿಯುತ್ತದೆ. ಮನೆಯ ಇನ್ನೊಂದು ಬದಿಯ ಕಂಬಗಳನ್ನು ಆರಿಸಿಕೊಳ್ಳಿ. ಕೀಟದ ವಿಷಯದಲ್ಲಿ ಅನುಮಾನ ಬಂದರೆ ಎಲೆ ಕಿತ್ತುಕೊಂಡು ಚಿಂತಾಮಣಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಅಲ್ಲೇ ರೇಷ್ಮೆ ಕಾಲೇಜೂ ಇದೆ. ಹೂವನ್ನೂ ಹುಳುವನ್ನೂ ಒಟ್ಟಿಗೆ ಯೋಚಿಸಿ ಹೇಳಬಲ್ಲವರು ಅಲ್ಲಿ ಸಿಗುತ್ತಾರೆ.

ಇಷ್ಟೆಲ್ಲ ಓದಿ ಮಲ್ಲಿಗೆಯ ಆಸೆ ಬಿಡಬೇಡಿ. ಚೆನ್ನಾಗಿ ಹೂ ಬಿಡುವ ಬಳ್ಳಿ ಇರುವ ಮನೆಯವರನ್ನು ಕೇಳಿ. ಕಡ್ಡಿ ಕೊಡಲ್ಲ ಎನ್ನುವವರು ನಮ್ಮ ಊರುಗಳಲ್ಲಿ ಇನ್ನೂ ಹುಟ್ಟಿಲ್ಲ. ಮಳೆಗಾಲದಲ್ಲಿ, ತೀರಾ ಎಳೆಯದ್ದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಕಡ್ಡಿ, ಒಂದು ಗೇಣು ಉದ್ದ, ಕೆಳಗಿನ ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿದ್ದು. ತುದಿಯಲ್ಲಿ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆದು, ಎರಡು ಗಿಣ್ಣು ಮರಳುಮಣ್ಣಿನೊಳಗೆ ಹೋಗುವಂತೆ ಊರಿ, ನೆರಳಿನಲ್ಲಿಡಿ. ನೆಲಕ್ಕೆ ತಾಗುವ ಬಳ್ಳಿ ಇದ್ದರೆ ಇನ್ನೂ ಸುಲಭ: ಗಿಣ್ಣಿನ ಹತ್ತಿರ ಸ್ವಲ್ಪ ಗೀರಿ ಮಣ್ಣಿನಲ್ಲಿ ಹೂತು ಮೇಲೆ ಕಲ್ಲಿಟ್ಟರೆ ತಾಯಿಯ ಆಸರೆಯಲ್ಲೇ ಬೇರು ಬಿಡುತ್ತದೆ. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ ಸವರಿದರೆ ಬೇಸಿಗೆಗೆ ಮೊಗ್ಗು ತುಂಬುತ್ತದೆ.

ಕೊನೆಗೆ ನಿಮ್ಮ ಅತ್ತೆಯ ಮಾತು. ಮನೋರಂಜಿನಿ, ಕೇದಗೆ, ರಾತ್ರಿರಾಣಿಗಳ ಬಗ್ಗೆ ಈ ಮಾತು ಎಲ್ಲ ಊರಿನಲ್ಲೂ ಇದೆ. ಹೂವಿನ ಪರಿಮಳ ಹಾವನ್ನು ಕರೆಯುವುದಿಲ್ಲ. ಹಾವು ನಾಲಗೆ ಚಾಚಿ ಹುಡುಕುವುದು ಇಲಿ, ಕಪ್ಪೆ, ಹಲ್ಲಿ, ಅರಣೆಗಳನ್ನು. ಆದರೆ ಅತ್ತೆಯ ಅನುಭವವನ್ನು ತಳ್ಳಿಹಾಕಬೇಡಿ, ಅವರು ಬಳ್ಳಿಯ ಬುಡದಲ್ಲಿ ಹಾವು ನೋಡಿರಲೂಬಹುದು. ದಟ್ಟವಾದ ಚಪ್ಪರದ ಕೆಳಗೆ ತಂಪು, ಉದುರಿದ ಎಲೆ, ಅದರಲ್ಲಿ ಹುಳ, ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು. ಹುಳುಮನೆ ಇರುವಲ್ಲಿ ಇಲಿಯೂ ಇರುತ್ತದೆ. ಆದ್ದರಿಂದ ಬಳ್ಳಿಯ ಬುಡದಿಂದ ಮೊಣಕಾಲೆತ್ತರದವರೆಗೆ ಕವಲು ಸವರಿ ಖಾಲಿ ಇಡಿ, ಉದುರಿದ್ದನ್ನು ದಿನವೂ ಗುಡಿಸಿ, ಕಲ್ಲುಗುಪ್ಪೆ, ಸೌದೆ ಒಟ್ಟಲು ಚಪ್ಪರದ ಕೆಳಗೆ ಬೇಡ. ಮೂನ್‌ಫ್ಲವರ್ ಅರಳುವುದು ಕತ್ತಲಾಗುವ ಹೊತ್ತಿಗೆ, ಹಾವು ಓಡಾಡುವುದೂ ಆಗಲೇ. ಹೂ ನೋಡಲು ಹೋಗುವಾಗ ಚಪ್ಪಲಿ ಹಾಕಿಕೊಂಡು, ಟಾರ್ಚ್ ಹಿಡಿದು ಹೋಗಿ. ಅತ್ತೆಯನ್ನೂ ಕರೆದುಕೊಂಡು ಹೋಗಿ.